ಕ್ಲಚ್ ಮೇಷ್ಟ್ರ ಫುಲ್ ಟ್ಯಾಂಕ್

ಎಡವಟ್ಟಾದದ್ದು ಒಂದೇ ಒಂದು ಮಾತಿನಲ್ಲಿ. ಬಂಕಿನಲ್ಲಿ ಕಾರು ನಿಲ್ಲಿಸಿ, ಗಾಜು ಇಳಿಸಿ, ಮುಖ ಕೂಡ ತಿರುಗಿಸದೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, "ಪೆಟ್ರೋಲ್, ಫುಲ್ ಟ್ಯಾಂಕ್" ಎಂದರು. ಕಾರು ಡೀಸೆಲಿನದು.

ಅದರಲ್ಲೇನಿದೆ, ಯಾರಿಗಾದರೂ ಬಾಯಿ ತಪ್ಪುತ್ತದೆ ಎನ್ನಬಹುದು. ಬೇರೆ ಯಾರಿಗಾದರೂ ತಪ್ಪಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಈ ಮೇಷ್ಟ್ರು ಇಪ್ಪತ್ತೆರಡು ವರ್ಷದಿಂದ ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು, ಮಿಕ್ಕರ್ಧ ಜನಕ್ಕೆ ನೀವು ಈ ಜನ್ಮದಲ್ಲಿ ಕಲಿಯಲಾರಿರಿ ಎಂದು ಹೇಳಿ ಮನೆಗೆ ಕಳಿಸಿದವರು. ಗಾಡಿ ನಿಂತರೂ ಕ್ಲಚ್, ಗಾಡಿ ಜಿಗಿದರೂ ಕ್ಲಚ್, ಕಲಿಯಲು ಬಂದವರಿಗೆ ನೆಗಡಿಯಾದರೂ ಕ್ಲಚ್ ಸರಿಯಾಗಿ ಬಿಡದ್ದೇ ಕಾರಣ ಎನ್ನುತ್ತಿದ್ದುದರಿಂದ ಬೆನ್ನ ಹಿಂದೆ ಎಲ್ಲರೂ ಅವರನ್ನು ಕ್ಲಚ್ ಮೇಷ್ಟ್ರು ಎನ್ನುತ್ತಿದ್ದರು. ಅವರು ತಮ್ಮ ಆಯುಷ್ಯದಲ್ಲಿ ಯಾರನ್ನೂ ಏನನ್ನೂ ಕೇಳಿ ತಿಳಿದವರಲ್ಲ. ಕೇಳುವುದು ಕಲಿಯುವವರ ಕೆಲಸ, ಅದನ್ನೂ ಗಾಡಿ ಓಡುತ್ತಿರುವಾಗ ಮಾಡಬಾರದು ಎಂಬುದು ಅವರ ಕಾನೂನು.

ಸ್ಕೂಲಿನ ಹಳೇ ಕಾರು ಪೆಟ್ರೋಲಿನದಾಗಿತ್ತು. ಅದರ ಬಾಗಿಲು ಹಾಕಬೇಕಾದರೆ ಒಳಗಿನಿಂದ ಒಬ್ಬರು ಎಳೆದು ಹೊರಗಿನಿಂದ ಇನ್ನೊಬ್ಬರು ಒದೆಯುವ ಕಾಲ ಬಂದ ಮೇಲೆ ಮಾಲೀಕರು ಅದನ್ನು ಗುಜರಿಗೆ ಹಾಕಿ, ಎಂಟು ದಿನದ ಹಿಂದೆ ಡೀಸೆಲ್ ಕಾರೊಂದನ್ನು ತಂದಿದ್ದರು. ಎಂಟು ದಿನವೂ ಡೀಸೆಲ್ ಹಾಕಿಸಿದ್ದು ಮಾಲೀಕರೇ. ಇವತ್ತು ಮೊದಲ ಸಲ ಆ ಕೆಲಸ ಮೇಷ್ಟ್ರ ಪಾಲಿಗೆ ಬಂದಿತ್ತು.

ಬೆಳಗ್ಗೆ ಕೀ ಕೈಗಿಡುವಾಗ ಮಾಲೀಕರು ಇನ್ನೊಂದು ಮಾತನ್ನೂ ಹೇಳಿದ್ದರು. ಮಧ್ಯಾಹ್ನ ಮೂರಕ್ಕೆ ಮೈದಾನದಲ್ಲಿ ಮೂವರು ಶಿಷ್ಯರಿಗೆ ಲೈಸೆನ್ಸ್ ಪರೀಕ್ಷೆ ಇತ್ತು. ಹಿಂದಿನ ಎರಡು ಸಲ ಮೇಷ್ಟ್ರು ದಾರಿಯಲ್ಲಿ ಕಾರು ನಿಲ್ಲಿಸಿಕೊಂಡು ಕ್ಲಚ್ಚಿನ ಮೇಲೆ ಭಾಷಣ ಮಾಡುತ್ತ ಹೊತ್ತು ಕಳೆದು, ಇನ್‌ಸ್ಪೆಕ್ಟರು ಹೊರಟುಹೋದ ಮೇಲೆ ಮೈದಾನ ತಲುಪಿದ್ದರು.

"ನೋಡಿ ಮೇಷ್ಟ್ರೇ, ಇವತ್ತೂ ಪರೀಕ್ಷೆ ನಡೀಲಿಲ್ಲ ಅಂದ್ರೆ ನಾಳೆಯಿಂದ ಆ ಸೀಟಲ್ಲಿ ನಮ್ಮ ಅಳಿಯಂದಿರು ಕೂತ್ಕೋತಾರೆ. ನೀವು ಮನೇಲಿ ಕೂತ್ಕೊಳ್ಳಿ" ಎಂದಿದ್ದರು ಮಾಲೀಕರು.

ಅಳಿಯನೆಂಬುವವನು ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದ. ಮದುವೆಯಾಗಿ ಎರಡು ವರ್ಷವಾದರೂ ಅವನಿಗೆ ಕೂರಲು ಆ ಕುರ್ಚಿ ಬಿಟ್ಟು ಬೇರೆ ಜಾಗ ಸಿಕ್ಕಿರಲಿಲ್ಲ. ಡ್ರೈವಿಂಗ್ ಕಲಿಸುವ ಲೈಸೆನ್ಸು ಮಾತ್ರ ಮಾಡಿಸಿಟ್ಟುಕೊಂಡಿದ್ದ. ಇತ್ತ ಮೇಷ್ಟ್ರು ಮನೆಯಲ್ಲಿ ಕೂರುವುದೆಂದರೆ ಅವರಿಗಿಂತ ಅವರ ಹೆಂಡತಿಗೇ ಹೆಚ್ಚು ಭಯ. ಹಾಗೇನಾದರೂ ಆದರೆ ತಾನು ಅಕ್ಕನ ಮನೆಗೆ ಹೋಗುವುದಾಗಿ ಆಕೆ ಮುಂಚೆಯೇ ತಿಳಿಸಿಬಿಟ್ಟಿದ್ದರು.

ಇಷ್ಟೆಲ್ಲ ತಲೆಯ ಮೇಲಿದ್ದ ಮನುಷ್ಯ ಬಂಕಿನಲ್ಲಿ ನಾಲಿಗೆಯನ್ನು ಸ್ವಲ್ಪ ಬಿಗಿ ಹಿಡಿಯಬೇಕಿತ್ತು. ಮೇಷ್ಟ್ರ ಗಮನವೆಲ್ಲ ಪಕ್ಕದ ಸೀಟಿನಲ್ಲಿದ್ದ ಟೈಲರಮ್ಮನ ಮೇಲಿತ್ತು. ಇಪ್ಪತ್ತು ವರ್ಷ ಹೊಲಿಗೆ ಮೆಷಿನ್ ತುಳಿದ ಆಕೆ ಕ್ಲಚ್ಚನ್ನೂ ಅದೇ ರೀತಿ ತುಳಿಯುತ್ತಾರೆಂದು ಬೈಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಬ್ಯಾಂಕಿನ ಕ್ಯಾಷಿಯರೊಬ್ಬರು, ಒಬ್ಬ ಪ್ಲಂಬರ್. ಇವರು ಮೂವರೇ ಅವತ್ತಿನ ಪರೀಕ್ಷೆಯವರು.

ಪೈಪು ಹಿಡಿದು ಬಂದ ಬಂಕಿನ ಹೆಂಗಸು, ನಲವತ್ತರ ಆಸುಪಾಸಿನಾಕೆ, ಟ್ಯಾಂಕಿನ ಬಾಗಿಲು ತೆಗೆದು ನೋಡಿ, "ಸರ್, ಇಲ್ಲಿ ಡೀಸೆಲ್ ಅಂತ ಬರೆದಿದ್ಯಲ್ಲ" ಎಂದಳು.

ಆಕೆ ಏನೆಂದಳೆಂಬುದು ಮೇಷ್ಟ್ರ ಕಿವಿಗೆ ಬೀಳಲಿಲ್ಲ. ಎದುರು ಮಾತಾಡಿದಳು ಎಂಬುದಷ್ಟೇ ಬಿತ್ತು.

"ಏನಮ್ಮಾ, ನಾನು ನಿನಗೆ ಕಲಿಸಬೇಕೋ ನೀನು ನನಗೆ ಕಲಿಸ್ತೀಯೋ? ಇಪ್ಪತ್ತೆರಡು ವರ್ಷ ಆಯ್ತು ಈ ಕೆಲಸಕ್ಕೆ ಸೇರಿ. ಹೇಳಿದ್ದನ್ನ ಹಾಕು."

ಆಕೆ ಅವರ ಮುಖವನ್ನು ಒಂದು ಗಳಿಗೆ ನೋಡಿದಳು. ಮತ್ತೇನೂ ಅನ್ನದೆ ಟ್ಯಾಂಕು ತುಂಬಿಸಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇಷ್ಟ್ರದು ಒಬ್ಬರನ್ನು ಒಂದೇ ಸಲ ಬೈದು ಸಮಾಧಾನವಾಗುವ ಜಾಯಮಾನವಲ್ಲ. ಕಾರಿನಿಂದಿಳಿದು ಮ್ಯಾನೇಜರನ ಗಾಜಿನ ಕೋಣೆಗೆ ಹೋಗಿ, ಕೆಲಸದವರ ನಾಲಿಗೆ ಉದ್ದವಾದರೆ ಬಂಕು ಹೇಗೆ ಹಾಳಾಗುತ್ತದೆ ಎಂಬುದನ್ನು ಹತ್ತು ನಿಮಿಷ ವಿವರಿಸಿದರು. ಮ್ಯಾನೇಜರನಿಗೆ ಡ್ರೈವಿಂಗ್ ಸ್ಕೂಲಿನವರು ತಿಂಗಳ ಲೆಕ್ಕದ ಗಿರಾಕಿ. ಅವನು ಆಕೆಯನ್ನು ಒಳಗೆ ಕರೆಸಿ ಮೇಷ್ಟ್ರ ಮುಂದೆಯೇ ಗದರಿದ.

"ಗಿರಾಕಿ ಏನು ಹೇಳ್ತಾರೋ ಅದು. ಪ್ರಶ್ನೆ ಬೇಡ, ಬುದ್ಧಿವಾದ ಬೇಡ. ಇನ್ನೊಂದು ದೂರು ಬಂತೋ, ಟೋಪಿ ಬಿಚ್ಚಿಟ್ಟು ಮನೆಗೆ ಹೋಗು."

"ಸರ್, ನಾನು ಈಗ ಏನು ಮಾಡಿದೆ ಅಂದ್ರೆ..." ಎಂದು ಆಕೆ ಬಾಯಿ ತೆರೆದಳು. ಬಾಯಿ ಮುಚ್ಚು ಎಂದು ಮ್ಯಾನೇಜರು, ಇದೇ ನೋಡಿ ನಾನು ಹೇಳಿದ್ದು ಎಂದು ಮೇಷ್ಟ್ರು, ಇಬ್ಬರೂ ಒಟ್ಟಿಗೇ ಎಂದರು. ಆಕೆ ಚೀಟಿ ಮುಂದೆ ಹಿಡಿದಳು. ಮೇಷ್ಟ್ರು ಅದರ ಮೇಲೆ ಕಣ್ಣು ಕೂಡ ಹಾಯಿಸದೆ ಸಹಿ ಗೀಚಿ, ಎದೆಯುಬ್ಬಿಸಿಕೊಂಡು ಕಾರಿಗೆ ಬಂದರು.

ಅರ್ಧ ಕಿಲೋಮೀಟರು ದಾಟಿತ್ತು. ಒಂದು ಕಟಿಂಗ್ ಶಾಪಿನ ಮುಂದೆ ಟೈಲರಮ್ಮನನ್ನು ಸ್ಟೇರಿಂಗಿಗೆ ಕೂರಿಸಲೆಂದು ಮೇಷ್ಟ್ರು ಕಾರು ನಿಲ್ಲಿಸಿದರು. ಗಾಡಿ ನಿಂತ ಮೇಲೆ ಪ್ರಶ್ನೆ ಕೇಳಲು ಅಪ್ಪಣೆಯಿದ್ದುದರಿಂದ ಕ್ಯಾಷಿಯರು ಗಂಟಲು ಸರಿಮಾಡಿಕೊಂಡರು. ಈ ಕ್ಯಾಷಿಯರಿಗೆ ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಓದುವ ಚಾಳಿ. ಔಷಧಿ ಬಾಟಲಿಯ ತಳವನ್ನೂ ಬಿಡುತ್ತಿರಲಿಲ್ಲ.

"ಸರ್, ಒಂದು ಸಂದೇಹ. ಟ್ಯಾಂಕಿನ ಮುಚ್ಚಳದ ಹತ್ರ ಹಳದಿ ಚೀಟಿಯಲ್ಲಿ ಡೀಸೆಲ್ ಮಾತ್ರ ಅಂತ ಅಂಟಿಸಿದ್ದಾರೆ. ನೀವು ಪೆಟ್ರೋಲ್ ಹಾಕಿಸಿದ್ರಿ. ಹಾಗೂ ಮಾಡಬಹುದಾ?"

 ಎಂಜಿನ್ ಇನ್ನೂ ಓಡುತ್ತಿತ್ತು. ಮೇಷ್ಟ್ರು ಚೇಳು ಕುಟುಕಿದವರಂತೆ ಕೈ ಚಾಚಿ ಕೀ ತಿರುಗಿಸಿ ಆರಿಸಿದರು. ಹೊಸ ಕಾರು, ಮೂರು ಗಂಟೆಯ ಪರೀಕ್ಷೆ, ಪ್ಲಾಸ್ಟಿಕ್ ಕುರ್ಚಿಯ ಅಳಿಯ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಆಗ ಹನ್ನೊಂದೂವರೆ.

"ಗಾಡಿ ಚೆನ್ನಾಗೇ ಓಡ್ತಾ ಇತ್ತಲ್ಲ ಮೇಷ್ಟ್ರೇ" ಎಂದರು ಟೈಲರಮ್ಮ.

ಪೆಟ್ರೋಲು ಇನ್ನೂ ಎಂಜಿನ್ನಿಗೆ ತಲುಪಿಲ್ಲ, ತಲುಪಿದ ಕೂಡಲೇ ಎಂಜಿನ್ ಕಲ್ಲಾಗುತ್ತದೆ, ತಿಳಿಯದ ವಿಷಯಕ್ಕೆ ಬಾಯಿ ಹಾಕಬೇಡಿ ಎಂದು ಮೇಷ್ಟ್ರು ಆಕೆಯನ್ನು ಗದರಿದರು. ಯಾರ ಮೇಲಾದರೂ ರೇಗಿದರೆ ಅವರಿಗೆ ಧೈರ್ಯ ಬರುತ್ತಿತ್ತು.

ರಸ್ತೆಯಲ್ಲಿ ಒಂದು ಕಾರು ಕೆಟ್ಟು ನಿಂತರೆ ಸಾಕು, ಎಲ್ಲೆಲ್ಲೋ ಕೆಲಸವಿಲ್ಲದೆ ಬಿದ್ದಿದ್ದ ಜ್ಞಾನವೆಲ್ಲ ಅಲ್ಲಿಗೆ ಓಡಿಬರುತ್ತದೆ. ಮೊದಲು ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಬಂದ. ಅವನ ಹಿಂದೆ, ಅರ್ಧ ಗಡ್ಡ ಬೋಳಿಸಿಕೊಂಡು ಇನ್ನರ್ಧಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿಯೊಬ್ಬ ಬಂದ. ತನ್ನ ಷಡ್ಡಕನ ಕಾರಿಗೂ ಹೀಗೇ ಆಗಿ, ಎಂಜಿನ್ ಬಿಚ್ಚಿ, ಕೊನೆಗೆ ಷಡ್ಡಕ ನಡೆದಾಡುವ ಸ್ಥಿತಿಗೆ ಬಂದದ್ದನ್ನು ಅವನು ಸವಿಸ್ತಾರವಾಗಿ ಹೇಳಿದ. ಒಂದಿಷ್ಟು ಸೀಮೆಎಣ್ಣೆ ಸುರಿದರೆ ಎರಡಕ್ಕೂ ಹೊಂದಿಕೊಳ್ಳುತ್ತದೆ ಎಂದು ಕ್ಷೌರಿಕ ಹೇಳಿದ. ಕ್ಯಾಷಿಯರು ಮೊಬೈಲಿನಲ್ಲಿ ಏನನ್ನೋ ಹುಡುಕಿ, ಎಂಜಿನ್ ಹಾಳಾಗುವ ಏಳು ಬಗೆಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದಿದರು.

ಮೆಕ್ಯಾನಿಕನಿಗೆ ಫೋನ್ ಮಾಡೋಣ ಎಂದು ಒಬ್ಬರು ಹೇಳಿದ್ದಕ್ಕೆ ಮೇಷ್ಟ್ರು ಹೌಹಾರಿದರು. ಮೆಕ್ಯಾನಿಕ್ ಮಾಲೀಕರ ಬಾಲ್ಯದ ಗೆಳೆಯ. ಕೊನೆಗೆ ತಲೆ ಓಡಿಸಿದ್ದು ಪ್ಲಂಬರ್. ತನ್ನ ಅಂಗಡಿ ಹತ್ತಿರದಲ್ಲೇ ಇದೆ, ಕೈಪಂಪೂ ಎರಡು ಡ್ರಮ್ಮೂ ತಂದರೆ ಟ್ಯಾಂಕು ಖಾಲಿ ಮಾಡಬಹುದು, ಆಮೇಲೆ ಡೀಸೆಲ್ ತಂದು ಸುರಿದರಾಯಿತು ಎಂದ. ಕಾರನ್ನು ರಸ್ತೆ ಬದಿಗೆ ತಳ್ಳಬೇಕಿತ್ತು. ಮೇಷ್ಟ್ರು ಸ್ಟೇರಿಂಗ್ ಹಿಡಿದು ಕೂತು ಅಪ್ಪಣೆ ಕೊಟ್ಟರು. ಉಳಿದವರೆಲ್ಲ ಸೇರಿ ತಳ್ಳಿದರು. ಕಾರು ಅಲುಗಲಿಲ್ಲ. ಮನೆಯಲ್ಲಿ ಊಟ ಮಾಡೋದಿಲ್ವಾ ಎಂದು ಮೇಷ್ಟ್ರು ರೇಗಿದರು. ಇನ್ನಿಬ್ಬರು ಸೇರಿಕೊಂಡರು. ನೊರೆಯ ಗಿರಾಕಿಯ ಮುಖದ ಸೋಪೆಲ್ಲ ಹಿಂದಿನ ಗಾಜಿಗೆ ಮೆತ್ತಿತು. ಆಗಲೂ ಅಲುಗಲಿಲ್ಲ. ಟೈಲರಮ್ಮ ಮುಂದೆ ಬಂದು ಕಿಟಕಿಯೊಳಗೆ ಇಣುಕಿದರು.

"ಮೇಷ್ಟ್ರೇ, ಹ್ಯಾಂಡ್ ಬ್ರೇಕ್ ಹಾಕಿದೆ."

ಮೇಷ್ಟ್ರು ಹ್ಯಾಂಡ್ ಬ್ರೇಕ್ ಇಳಿಸಿ, ನೀವು ಗಮನಿಸ್ತೀರೋ ಇಲ್ವೋ ಅಂತ ನೋಡ್ತಿದ್ದೆ ಎಂದರು. ಇಂಥ ಮಾತಾಡಲು ನಾಚಿಕೆ ಎಂಬುದು ಇರಬಾರದು. ಅವರಿಗೆ ಇರಲಿಲ್ಲ.

ಪ್ಲಂಬರ್ ಅಂಗಡಿಗೆ ನಡೆದುಹೋಗಿ, ಅಲ್ಲಿದ್ದ ತನ್ನ ಬೈಕಿನಲ್ಲಿ ಸಾಮಾನು ತಂದು ಕೈಪಂಪು ಒತ್ತತೊಡಗಿದ. ಡ್ರಮ್ಮು ತುಂಬುತ್ತ ಬಂದಾಗ ಟೈಲರಮ್ಮ ಮೂಗು ಮುಚ್ಚಿಕೊಂಡು, ಇದು ಪೆಟ್ರೋಲಿನ ವಾಸನೆಯಲ್ಲ, ಹಳೇ ಕಾಲದ ಸ್ಟವ್ವಿನ ವಾಸನೆ ಎಂದರು. ಟ್ಯಾಂಕಿನ ತಳದಲ್ಲಿ ಮೊದಲಿನ ಡೀಸೆಲ್ ಇತ್ತು, ಎರಡೂ ಬೆರೆತರೆ ಇದೇ ವಾಸನೆ, ಹೊಲಿಯುವವರು ಹೊಲಿಗೆ ನೋಡಿಕೊಳ್ಳಬೇಕು ಎಂದು ಮೇಷ್ಟ್ರು ತೀರ್ಪು ಕೊಟ್ಟರು.  ಎರಡು ಡ್ರಮ್ಮು ತುಂಬಿ ಟ್ಯಾಂಕಿನ ತಳ ಕಾಣುವ ಹೊತ್ತಿಗೆ ಒಂದೂ ಮುಕ್ಕಾಲು.

ಈಗ ಡೀಸೆಲ್ ತರಬೇಕು. ಬೇರೆ ಬಂಕು ಇದ್ದದ್ದು ಊರಾಚೆ. ಹೋಗಿ ಬರುವಷ್ಟರಲ್ಲಿ ಇನ್‌ಸ್ಪೆಕ್ಟರು ಎದ್ದು ಹೋಗಿರುತ್ತಾರೆ. ಬೆಳಗ್ಗಿನ ಬಂಕಿಗೇ ಪ್ಲಂಬರನೊಬ್ಬನನ್ನೇ ಅಟ್ಟಬಹುದಿತ್ತು, ಆದರೆ ಅಲ್ಲಿ ಪರಿಚಯವಿಲ್ಲದವರ ಕ್ಯಾನಿಗೆ ಮ್ಯಾನೇಜರು ಒಪ್ಪದೆ ಹನಿಯೂ ಹಾಕುತ್ತಿರಲಿಲ್ಲ. ಮೇಷ್ಟ್ರೇ ಹೋಗಬೇಕಾಯಿತು. ಪ್ಲಂಬರನ ಬೈಕಿನ ಹಿಂದೆ, ಮಡಿಲಲ್ಲಿ ಕ್ಯಾನು ಅವುಚಿಕೊಂಡು ಕೂತ ಮೇಷ್ಟ್ರಿಗೆ ದಾರಿಯುದ್ದಕ್ಕೂ ಎಂಜಿನ್ನಿನ ಚಿಂತೆ ಬರಲಿಲ್ಲ. ಬಂದದ್ದು ಒಂದೇ ಚಿಂತೆ. ಆ ಹೆಂಗಸಿನ ಮುಂದೆ ನಿಂತು ಡೀಸೆಲ್ ಎಂಬ ಶಬ್ದವನ್ನು ಬಾಯಿಂದ ಹೊರಡಿಸುವುದು ಹೇಗೆ?

ಕೆಲಸ ಹೋಗುವ ಹೊತ್ತಿನಲ್ಲಿ ಮನುಷ್ಯನಿಗೆ ಇಂಥ ಚಿಂತೆ ಬರುತ್ತದೆಯೇ ಎಂದರೆ, ಬರುತ್ತದೆ. ಜಂಬಕ್ಕೆ ಹೊತ್ತುಗೊತ್ತು ಇರುವುದಿಲ್ಲ.

ಬಂಕಿನ ಬಾಗಿಲಲ್ಲಿ ಪ್ಲಂಬರನನ್ನು ನಿಲ್ಲಿಸಿ ಮೇಷ್ಟ್ರು ಒಬ್ಬರೇ ಒಳಗೆ ನಡೆದರು. ಮ್ಯಾನೇಜರು ಕೋಣೆಯಿಂದ ಎದ್ದೇ ಬಂದ. ಬೆಳಗ್ಗೆ ತಾವು ಹೇಳಿದ್ದು ಆಕೆಗೆ ಚೆನ್ನಾಗಿ ನಾಟಿದೆ, ಆಮೇಲೆ ಒಬ್ಬ ಗಿರಾಕಿಯ ಹತ್ತಿರವೂ ಒಂದು ಮಾತು ಹೆಚ್ಚಿಗೆ ಆಡಿಲ್ಲ ಎಂದು ವರದಿ ಒಪ್ಪಿಸಿದ. ಕ್ಯಾನು ಯಾಕೆ ಎಂದು ಕೇಳಿದಾಗ, ಇನ್ನೊಂದು ಗಾಡಿಗೆ ಎಂದು ಮೇಷ್ಟ್ರು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರು. ಮ್ಯಾನೇಜರು ಆಕೆಯನ್ನೇ ಕೂಗಿದ.

ಆಕೆ ಬಂದು ಕ್ಯಾನು ತೆಗೆದುಕೊಂಡಳು. ಏನು ಹಾಕಲಿ ಎಂದು ಬಾಯಲ್ಲಿ ಕೇಳಲೂ ಇಲ್ಲ, ಮುಖ ನೋಡಿದಳು ಅಷ್ಟೆ. ಪಕ್ಕದಲ್ಲಿ ಮ್ಯಾನೇಜರು ಹಲ್ಲು ಬಿಟ್ಟುಕೊಂಡು ನಿಂತಿದ್ದ. ಮೇಷ್ಟ್ರು ರಸ್ತೆಯ ಕಡೆ ತಿರುಗಿ, ಯಾರೋ ಬರುವುದನ್ನು ಕಾಯುವವರಂತೆ ನಿಂತು, "ಬೆಳಗ್ಗೆ ಹಾಕಿದ್ಯಲ್ಲ, ಅದು ಬೇಡ. ಇನ್ನೊಂದನ್ನ ಹಾಕು" ಎಂದರು.

"ಇನ್ನೊಂದಾ ಸರ್?"

ಮ್ಯಾನೇಜರು ಕೆಮ್ಮಿದ. ಆಕೆ ತಲೆಯಾಡಿಸಿ ಕ್ಯಾನು ತುಂಬಿಸಿ ತಂದಳು. ಮೇಷ್ಟ್ರು ಮತ್ತೊಂದು ಚೀಟಿಗೆ ಸಹಿ ಗೀಚಿದರು. ಮರ್ಯಾದೆಗೆ ಒಂದಿಷ್ಟೂ ಧಕ್ಕೆ ಬಾರದೆ ಕೆಲಸ ಮುಗಿಸಿದ ಖುಷಿಯಲ್ಲಿ ವಾಪಸು ಬರುವಾಗ ಪ್ಲಂಬರನಿಗೆ ಬೈಕಿನ ಕ್ಲಚ್ ಹಿಡಿಯುವುದು ಹೇಗೆಂದು ಹೇಳಿಕೊಡುತ್ತ ಬಂದರು.

ಕ್ಯಾನು ಟ್ಯಾಂಕಿಗೆ ಸುರಿದದ್ದಾಯಿತು. ಟೈಲರಮ್ಮ ಮೂಗು ಏರಿಸಿದರು, ಆದರೆ ತುಟಿ ಬಿಚ್ಚಲಿಲ್ಲ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನೊರೆಯ ಗಿರಾಕಿ ಚಪ್ಪಾಳೆ ತಟ್ಟಿದ. ಎರಡೂ ಐವತ್ತಕ್ಕೆ ಮೈದಾನದ ಗೇಟಿನೊಳಗೆ ಕಾರು ನುಗ್ಗಿದಾಗ ಮಾಲೀಕರು ಗಡಿಯಾರ ನೋಡಿಕೊಂಡು, "ಇವತ್ತು ಪರವಾಗಿಲ್ಲ ಮೇಷ್ಟ್ರೇ" ಎಂದರು. ಬೇಲಿಗೆ ಒರಗಿ ನಿಂತಿದ್ದ ಅಳಿಯನ ಮುಖ ಇಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ಮೇಷ್ಟ್ರಿಗೆ ಇಷ್ಟು ಸಂತೋಷ ಆಗಿರಲಿಲ್ಲ. ಕೆಲಸ ಉಳಿಯಿತು ಎಂದು ಹೆಂಡತಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟರು.

ಮೊದಲು ಟೈಲರಮ್ಮನ ಸರದಿ. ಪಕ್ಕದಲ್ಲಿ ಇನ್‌ಸ್ಪೆಕ್ಟರು ಕೂತರು. ಎಂಟರ ಆಕಾರದ ದಾರಿಯಲ್ಲಿ ಮೊದಲ ಸುತ್ತನ್ನು ಆಕೆ ಅಂಗಿಯ ಕತ್ತು ಕತ್ತರಿಸಿದಷ್ಟು ನಯವಾಗಿ ತಿರುಗಿಸಿದರು. ಎರಡನೇ ಸುತ್ತಿಗೆ ಕಾರು ಕೆಮ್ಮಿತು. ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಶಬ್ದವಾಗಿ, ಮೂರು ಸಲ ಕುಲುಕಿ, ಮೈದಾನದ ನಟ್ಟನಡುವೆ ನಿಂತಿತು. ಎಷ್ಟು ಸಲ ಕೀ ತಿರುಗಿಸಿದರೂ ಏಳಲಿಲ್ಲ. ಮೇಷ್ಟ್ರು ದೂರದಿಂದಲೇ ಕ್ಲಚ್, ಕ್ಲಚ್ ಎಂದು ಕೂಗುತ್ತ ಓಡಿಬಂದರು.

ಇನ್‌ಸ್ಪೆಕ್ಟರು ಇಳಿದು, ಟ್ಯಾಂಕಿನ ಮುಚ್ಚಳ ತಿರುಗಿಸಿ ಮೂಗಿಟ್ಟರು.

"ಕ್ಲಚ್ ಅಲ್ಲ. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿದಾರೆ. ಗಾಡಿ ಇಲ್ಲ, ಪರೀಕ್ಷೆ ಇಲ್ಲ" ಎಂದು ಹೇಳಿ ತಮ್ಮ ಜೀಪಿನತ್ತ ನಡೆದರು.

ಮಾಲೀಕರು ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೈಯೆಲ್ಲ ಉರಿಯಿತು. ಬೆಳಗ್ಗಿನ ಸೇಡನ್ನು ಆ ಹೆಂಗಸು ಮಧ್ಯಾಹ್ನ ತೀರಿಸಿಕೊಂಡಿದ್ದಾಳೆ, ಬೇಕೆಂದೇ ಎರಡನೇ ಸಲವೂ ಪೆಟ್ರೋಲ್ ಹಾಕಿದ್ದಾಳೆ. ಬೆಳಗ್ಗೆ ತಮ್ಮ ಬಾಯಿ ತಪ್ಪಿದ್ದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಲೀಕರ ಮುಂದೆ ಕಾರಿದರು. ಬಂಕಿನವಳು ಎರಡೆರಡು ಸಲ ತಪ್ಪು ಎಣ್ಣೆ ಹಾಕಿದ್ದಾಳೆ, ಅವಳ ಕೆಲಸ ತೆಗೆಸದೆ ಬಿಡುವುದಿಲ್ಲ ಎಂದರು. ಮಾಲೀಕರು ನಂಬಿದರು. ಪಾಪ, ಅವರ ಗಾಡಿ, ಅವರ ಹೊಟ್ಟೆಯುರಿ. ಅಳಿಯನನ್ನೂ ಶಿಷ್ಯರನ್ನೂ ಕರೆದುಕೊಂಡು ಆಟೋಗಳಲ್ಲಿ ನೇರ ಬಂಕಿಗೆ ಬಂದಿಳಿದರು.

ಮ್ಯಾನೇಜರು ಮಾಲೀಕರ ಮುಖ ನೋಡಿಯೇ ಬೆವೆತ. ವಿಷಯ ಕೇಳಿದ್ದೇ ತಡ, ತನಗೆ ಮೊದಲೇ ಅನುಮಾನವಿತ್ತು, ಈ ಕ್ಷಣ ಆಕೆಯನ್ನು ತೆಗೆದುಹಾಕುತ್ತೇನೆ ಎಂದು ಕೈ ಮುಗಿದ. ಆಕೆಯನ್ನು ಕರೆಸಿದರು. ಟೋಪಿ ಬಿಚ್ಚು ಎಂದು ಮೇಷ್ಟ್ರೇ ಹೇಳಿದರು.

ಆಕೆ ಟೋಪಿ ಬಿಚ್ಚಿ ಮೇಜಿನ ಮೇಲಿಟ್ಟಳು. ಟೋಪಿಯ ಜೊತೆಗೆ ಹೆದರಿಕೆಯನ್ನೂ ಅಲ್ಲೇ ಇಟ್ಟಂತಿತ್ತು.

"ಬೆಳಗ್ಗೆ ಇವರು ಪೆಟ್ರೋಲ್ ಅಂದ್ರು. ಗಾಡಿ ಮೇಲೆ ಡೀಸೆಲ್ ಅಂತಿತ್ತು. ಹೇಳಿದ್ರೆ ಬೈದ್ರು. ಪಾಪ, ಗಾಡಿ ಹಾಳಾಗುತ್ತೆ ಅಂತ ನಾನು ಡೀಸೆಲ್ಲೇ ಹಾಕಿದೆ. ಅದನ್ನ ಹೇಳೋಕೆ ಬಂದ್ರೆ ಬಾಯಿ ಮುಚ್ಚು ಅಂದ್ರಿ. ಮಧ್ಯಾಹ್ನ ಕ್ಯಾನ್ ತಂದು, ಇನ್ನೊಂದು ಗಾಡಿಗೆ ಅಂದ್ರು. ಬೆಳಗ್ಗೆ ಹಾಕಿದ್ದು ಬೇಡ, ಇನ್ನೊಂದನ್ನ ಹಾಕು ಅಂದ್ರು. ಹಾಕಿದೆ."

 ಆಕೆ ಮೇಜಿನ ಖಾನೆಯಿಂದ ಎರಡು ಚೀಟಿ ತೆಗೆದಿಟ್ಟಳು. ಕ್ಯಾಷಿಯರು ಅಭ್ಯಾಸಬಲದಿಂದ ಬಗ್ಗಿ ಗಟ್ಟಿಯಾಗಿ ಓದಿದರು. ಮೊದಲನೆಯದು ಡೀಸೆಲ್, ಕೆಳಗೆ ಮೇಷ್ಟ್ರ ಸಹಿ. ಎರಡನೆಯದು ಪೆಟ್ರೋಲ್, ಕೆಳಗೆ ಮೇಷ್ಟ್ರ ಸಹಿ.

"ಹಾಗಾದ್ರೆ ನಾವು ಮಧ್ಯಾಹ್ನ ಪೂರ್ತಿ ಪಂಪು ಒತ್ತಿ ತೆಗೆದಿದ್ದು ಒಳ್ಳೇ ಡೀಸೆಲ್ಲು" ಎಂದ ಪ್ಲಂಬರ್. ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಮೇಷ್ಟ್ರು ತಪ್ಪು ಹೊರಿಸಲು ಒಬ್ಬರಾದರೂ ಸಿಗುತ್ತಾರೇನೋ ಎಂದು ಎಲ್ಲರ ಮುಖವನ್ನೂ ನೋಡಿದರು. ಮ್ಯಾನೇಜರನಿಗೆ ಈಗ ಯಾರ ಕಡೆ ಸೇರಬೇಕೆಂದು ತಿಳಿಯದೆ, ಎರಡೂ ಕಡೆಗಿರಲಿ ಎಂದು, "ತಾವು ಹೇಳಿಕೊಟ್ಟ ಹಾಗೇ ಮಾಡಿದಾಳೆ ಸರ್" ಎಂದ. ಆಕೆ ಮೇಜಿನ ಮೇಲಿನ ಟೋಪಿ ತೆಗೆದು ಹಾಕಿಕೊಂಡು, ಹೊರಗೆ ಸಾಲಿನಲ್ಲಿ ನಿಂತಿದ್ದ ಗಾಡಿಗಳ ಕಡೆ ನಡೆದಳು. ಅವಳನ್ನು ಯಾರೂ ತಡೆಯಲಿಲ್ಲ.

ಮಾಲೀಕರು ಬೈಯಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಎದುರುತ್ತರ ಕೊಡಲು ಒಂದು ದಾರಿಯಾದರೂ ಇರುತ್ತಿತ್ತು. ಅವರು ಸುಮ್ಮನೆ ಕೈ ಚಾಚಿದರು. ಮೇಷ್ಟ್ರು ಜೇಬಿನಿಂದ ಕಾರಿನ ಕೀ ತೆಗೆದು ಆ ಕೈಯಲ್ಲಿಟ್ಟರು. ಮಾಲೀಕರು, ರಾತ್ರಿಯೊಳಗೆ ಮೆಕ್ಯಾನಿಕನಿಂದ ಗಾಡಿ ಸರಿಮಾಡಿಸಲು ಹೇಳಿ ಅದನ್ನು ಅಳಿಯನಿಗೆ ದಾಟಿಸಿದರು.

ಮೂವರು ಶಿಷ್ಯರೂ ಅಳಿಯನ ಸುತ್ತ ನಿಂತರು. ಪರೀಕ್ಷೆ ಇನ್ನೊಂದು ಸಲ ಸಿಗುವವರೆಗೆ ಅಭ್ಯಾಸ ಬಿಡಬಾರದಲ್ಲ.

"ನಾಳೆ ಕ್ಲಾಸು ಎಷ್ಟು ಗಂಟೆಗೆ ಸರ್?" ಎಂದು ಟೈಲರಮ್ಮ ಕೇಳಿದರು.

"ಆರೂವರೆಗೆ" ಎಂದರು ಹಿಂದಿನಿಂದ ಮೇಷ್ಟ್ರು, ಇಪ್ಪತ್ತೆರಡು ವರ್ಷದಿಂದ ಹೇಳುತ್ತ ಬಂದ ದನಿಯಲ್ಲೇ. ಯಾರೂ ತಿರುಗಿ ನೋಡಲಿಲ್ಲ.

ಅಳಿಯ ಮೊಬೈಲಿನಿಂದ ತಲೆ ಎತ್ತಿ ಸ್ವಲ್ಪ ಯೋಚಿಸಿದ.

"ಏಳಕ್ಕೆ ಬನ್ನಿ" ಎಂದ.